ರಾಯಭಾರ ಕಚೇರಿಯ ಮೇಲಿನ ದಾಳಿಯನ್ನು ಪರಾಮರ್ಶಿಸುವ ಬಗೆ: ಅಣಕು ಸಮಿತಿಗೊಂದು ಕೈಪಿಡಿ

ವಿದೇಶದಲ್ಲಿರುವ ರಾಯಭಾರ ಕಚೇರಿಯ ಮೇಲೆ ದಾಳಿಯಾದಾಗ ಎರಡು ಕೆಲಸಗಳು ಶುರುವಾಗುತ್ತವೆ. ದಾಳಿಕೋರರನ್ನು ಪತ್ತೆಹಚ್ಚುವುದು ತನಿಖೆ. ದಾಳಿಯನ್ನು ತಡೆಯಬೇಕಿದ್ದ ವ್ಯವಸ್ಥೆ ಎಲ್ಲಿ ಸೋತಿತೆಂದು ನೋಡುವುದು ಪರಾಮರ್ಶೆ. ಕಾರವಾರ, ಶಿರಸಿಯ ಕಾನೂನು ವಿದ್ಯಾರ್ಥಿಗಳೂ ಯುಪಿಎಸ್‌ಸಿ ಅಭ್ಯರ್ಥಿಗಳೂ ಅಭ್ಯಾಸಕ್ಕಾಗಿ ಪಾತ್ರಗಳನ್ನು ಹಂಚಿಕೊಂಡು ಇಂಥ ಪರಾಮರ್ಶೆಯ ಅಣಕು ಸಮಿತಿ ನಡೆಸುವಾಗ ಇವೆರಡನ್ನು ಬೆರೆಸಬಾರದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದುಬಿದ್ದಾಗ, ಕೇಸು ಯಾರ ಮೇಲೆ ಎಂಬ ಪ್ರಶ್ನೆಯೇ ಬೇರೆ, ಸೇತುವೆಯನ್ನು ಕೊನೆಯ ಬಾರಿ ಯಾರು ಪರೀಕ್ಷಿಸಿದ್ದರು ಎಂಬ ಪ್ರಶ್ನೆಯೇ ಬೇರೆ ಆಗಿತ್ತು. ಸಮಿತಿ ಕೇಳಬೇಕಾದದ್ದು ಎರಡನೆಯ ಬಗೆಯ ಪ್ರಶ್ನೆ.

ಮೊದಲು ಅಧಿಕಾರದ ಎಲ್ಲೆಯನ್ನು ಗುರುತಿಸಿಕೊಳ್ಳಿ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯ ಪ್ರಕಾರ ಆತಿಥೇಯ ದೇಶದ ಅಧಿಕಾರಿಗಳು ರಾಯಭಾರ ಕಚೇರಿಯ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಆವರಣವನ್ನು ಪ್ರವೇಶಿಸುವಂತಿಲ್ಲ. ಆದರೆ ಆ ಆವರಣವನ್ನು ರಕ್ಷಿಸುವ ವಿಶೇಷ ಹೊಣೆ ಅದೇ ದೇಶದ್ದು. ಗೇಟಿನ ಹೊರಗಿನ ಬೀದಿ ಮಾತ್ರ ಪೂರ್ತಿಯಾಗಿ ಆ ದೇಶದ ಪೊಲೀಸರ ವ್ಯಾಪ್ತಿ. ಹೀಗಾಗಿ ಬೀದಿಯ ಸಿಸಿಟಿವಿ ದೃಶ್ಯಗಳಿಗೆ ಲಿಖಿತ ಕೋರಿಕೆಯನ್ನು ಬೇಗನೆ ಕಳುಹಿಸಬೇಕು, ಏಕೆಂದರೆ ಹಳೆಯ ದೃಶ್ಯಗಳು ಅಳಿಸಿಹೋಗುತ್ತವೆ. ಭಾರತದ ರಾಷ್ಟ್ರೀಯ ತನಿಖಾ ಸಂಸ್ಥೆಗೆ (ಎನ್‌ಐಎ) ವಿದೇಶದಲ್ಲಿ ನಡೆದ ಅಪರಾಧಗಳನ್ನೂ ತನಿಖೆ ಮಾಡುವ ಅಧಿಕಾರ 2019ರ ತಿದ್ದುಪಡಿಯಿಂದ ದೊರೆತಿದೆ. 2023ರ ಮಾರ್ಚ್‌ನಲ್ಲಿ ಲಂಡನ್‌ನ ಭಾರತೀಯ ಹೈಕಮಿಷನ್ ಮೇಲೆ ನಡೆದ ದಾಳಿಯ ಪ್ರಕರಣ ಅದರ ಕೈಗೆ ಬಂದದ್ದು ಹೀಗೆ.

ಸದಸ್ಯರ ಆಯ್ಕೆಗೆ ಅಮೆರಿಕದ 1986ರ ರಾಜತಾಂತ್ರಿಕ ಭದ್ರತಾ ಕಾನೂನು ಒಂದು ಮಾದರಿ. ಅದರಂತೆ ದಶಕಗಳ ಕಾಲ ಇಂಥ ದಾಳಿಗಳ ಪರಾಮರ್ಶೆಗೆ ಐವರ ಮಂಡಳಿಗಳು ರಚನೆಯಾದವು, ನಾಲ್ವರನ್ನು ವಿದೇಶಾಂಗ ಕಾರ್ಯದರ್ಶಿಯೇ ನೇಮಿಸುತ್ತಿದ್ದರು. ತಪ್ಪು ಹೊರಬೇಕಾದ ಇಲಾಖೆಯೇ ಪರೀಕ್ಷಕರನ್ನು ಆರಿಸುವ ಈ ಕ್ರಮ ನನಗೆ ಒಪ್ಪಿತವಲ್ಲ. ನಿಮ್ಮ ಸಮಿತಿಯಲ್ಲಿ ಭದ್ರತಾ ವಿಭಾಗದ ಪಾತ್ರ ವಹಿಸಿದವರಿಗೆ ಸದಸ್ಯತ್ವ ಕೊಡಬೇಡಿ.

ಇನ್ನು ಕಾಲಾನುಕ್ರಮ. ಇದಕ್ಕೆ ಹೆಚ್ಚಿನ ಸಮಯ ಮೀಸಲಿಡಿ. ಹೆಚ್ಚಿನವರು ದಾಳಿಯ ಮೊದಲ ನಿಮಿಷದಿಂದ ಬರೆಯಲು ತೊಡಗುತ್ತಾರೆ. ಬರೆಯಬೇಕಾದದ್ದು ವರ್ಷಗಳ ಹಿಂದಿನಿಂದ. 1998ರ ಆಗಸ್ಟ್ 7ರಂದು ಬಾಂಬ್ ದಾಳಿಗೆ ತುತ್ತಾದ, ಕೀನ್ಯಾದ ರಾಜಧಾನಿ ನೈರೋಬಿಯ ಅಮೆರಿಕ ರಾಯಭಾರ ಕಚೇರಿ ಜನದಟ್ಟಣೆಯ ಬೀದಿಗೆ ಅಂಟಿಕೊಂಡಿತ್ತು. ಬೀದಿಗೂ ಕಟ್ಟಡಕ್ಕೂ ನಡುವೆ 100 ಅಡಿ ಅಂತರವಿರಬೇಕೆಂಬ ಶಿಫಾರಸು 1985ರಷ್ಟು ಹಿಂದೆಯೇ ಬಂದಿತ್ತು, ಕಟ್ಟಡ ಸುರಕ್ಷಿತವಲ್ಲವೆಂದು ರಾಯಭಾರಿ ಪ್ರೂಡೆನ್ಸ್ ಬುಶ್ನೆಲ್ ಮೇಲಧಿಕಾರಿಗಳಿಗೆ ಬರೆದೂ ಇದ್ದರು. ಆದ್ದರಿಂದ ಒಂದು ಹಾಳೆಯ ಎಡಬದಿಯಲ್ಲಿ ಕಚೇರಿ ಕೇಳಿದ ಪ್ರತಿಯೊಂದು ರಕ್ಷಣೆಯನ್ನೂ ದಿನಾಂಕ ಸಹಿತ, ಬಲಬದಿಯಲ್ಲಿ ಬಂದ ಉತ್ತರವನ್ನೂ ಉತ್ತರಿಸಿದವರ ಹುದ್ದೆಯನ್ನೂ ಬರೆಯಿರಿ. ಉತ್ತರವೇ ಬಾರದ ಕಡೆ ಖಾಲಿ ಜಾಗವನ್ನು ಹಾಗೆಯೇ ಬಿಡಿ. ವರದಿಯ ತಿರುಳು ಬಹುಪಾಲು ಆ ಖಾಲಿ ಜಾಗಗಳಲ್ಲೇ ಸಿಗುತ್ತದೆ.

ಸಾಕ್ಷಿಗಳ ಪಟ್ಟಿಯಲ್ಲಿ ರಾಜತಾಂತ್ರಿಕರಷ್ಟೇ ಇದ್ದರೆ ಸಾಲದು. ನೈರೋಬಿಯಲ್ಲಿ ಸತ್ತ 213 ಮಂದಿಯಲ್ಲಿ ಅಮೆರಿಕನ್ನರು 12. 2008ರ ಜುಲೈ 7ರಂದು ಕಾಬೂಲ್‌ನ ಭಾರತೀಯ ರಾಯಭಾರ ಕಚೇರಿಯ ಗೇಟಿನ ಬಳಿ ಕಾರ್ ಬಾಂಬ್ ಸಿಡಿದಾಗ ಬ್ರಿಗೇಡಿಯರ್ ರವಿ ದತ್ ಮೆಹ್ತಾ, ಕೌನ್ಸೆಲರ್ ದರ್ಜೆಯ ರಾಜತಾಂತ್ರಿಕ ವಿ. ವೆಂಕಟೇಶ್ವರ ರಾವ್ ಮತ್ತು ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆಯ (ಐಟಿಬಿಪಿ) ಇಬ್ಬರು ಸಿಬ್ಬಂದಿಯ ಜೊತೆ ಅನೇಕ ಆಫ್ಘನ್ನರೂ ಸತ್ತರು. ವೀಸಾಕ್ಕಾಗಿ ಕಾದವರೂ ಅವರಲ್ಲಿದ್ದರು. ಭಟ್ಕಳ, ಹೊನ್ನಾವರದಿಂದ ಗಲ್ಫಿಗೆ ಹೋದವರಿಗೆ ರಾಯಭಾರ ಕಚೇರಿಯೆಂದರೆ ಮುಖ್ಯವಾಗಿ ಆ ಸರತಿ ಸಾಲೇ. ಕಾವಲುಗಾರರು, ಚಾಲಕರು, ಸ್ಥಳೀಯ ಗುಮಾಸ್ತರನ್ನು ಒಬ್ಬೊಬ್ಬರಾಗಿ, ಅವರ ಮೇಲಧಿಕಾರಿಗಳು ಇಲ್ಲದಿರುವಾಗ, ಅವರದೇ ಭಾಷೆಯಲ್ಲಿ ವಿಚಾರಿಸಿ.

ತೀರ್ಮಾನಗಳಲ್ಲಿ ಭದ್ರತಾ ಕ್ರಮಗಳು ಸಾಕಾಗಿದ್ದವೇ, ಇದ್ದ ಕ್ರಮಗಳು ಜಾರಿಯಾಗಿದ್ದವೇ, ಗುಪ್ತಚರ ಮಾಹಿತಿ ತಲುಪಿತ್ತೇ ಎಂಬುದನ್ನು ಬೇರೆಬೇರೆಯಾಗಿ ಉತ್ತರಿಸಿ. ವ್ಯಕ್ತಿಗಳ ಹೊಣೆ ಗುರುತಿಸುವಾಗ ಎಚ್ಚರ ಬೇಕು. 2012ರಲ್ಲಿ ಲಿಬಿಯಾದ ಬೆಂಗಾಜಿಯ ಅಮೆರಿಕ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯನ್ನು ಪರಾಮರ್ಶಿಸಿದ ಮಂಡಳಿ ಮೇಲಧಿಕಾರಿಗಳ ನಾಯಕತ್ವದಲ್ಲಿ ಕೊರತೆಗಳನ್ನು ಕಂಡರೂ, ಯಾರೊಬ್ಬರೂ ಕರ್ತವ್ಯಭಂಗ ಮಾಡಿದರೆನ್ನಲು ಆಧಾರ ಕಾಣಲಿಲ್ಲ. ಕಳಪೆ ನಾಯಕತ್ವವೂ ಶಿಸ್ತುಕ್ರಮಕ್ಕೆ ಕಾರಣವಾಗುವಂತೆ ಕಾನೂನು ಬದಲಿಸಬೇಕೆಂದು ಸೂಚಿಸಿತು. ಪ್ರತಿ ಶಿಫಾರಸಿಗೂ ಹೊಣೆಯ ಹುದ್ದೆ, ಗಡುವು ಮತ್ತು ಹಣದ ಮೂಲವನ್ನು ಸೂಚಿಸಿ. ಬೆಂಗಾಜಿ ಮಂಡಳಿಯ 29 ಶಿಫಾರಸುಗಳಲ್ಲಿ 24 ಮಾತ್ರ ಪ್ರಕಟವಾದವು; ನೀವೂ ಗೌಪ್ಯ ಭಾಗವನ್ನು ಪ್ರತ್ಯೇಕ ಅನುಬಂಧವಾಗಿಸಿ, ಉಳಿದದ್ದನ್ನು ಮೃತರ ಕುಟುಂಬದವರು ಓದಬಲ್ಲ ಭಾಷೆಯಲ್ಲಿ ಬರೆಯಿರಿ.