ಹೊಸ ಮನೆಯಲ್ಲಿ ಸೋರುವ ಮಾಳಿಗೆಯ ಪದ

ಹುಬ್ಬಳ್ಳಿಯಲ್ಲಿ ಒಂದು ಗೃಹಪ್ರವೇಶ. ಮೇ ತಿಂಗಳ ಕೊನೆ. ಎರಡಂತಸ್ತಿನ ಹೊಸ ಮನೆ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಾಲ್‌ನ ಮೂಲೆಯಲ್ಲಿ ಜಮಖಾನೆ ಹಾಸಿಕೊಂಡು ನಮ್ಮ ಭಜನಾ ಮೇಳದ ಎಂಟು ಜನ ಕೂತಿದ್ದೆವು. ನಾಲ್ಕು ಪದ ಮುಗಿದ ಮೇಲೆ ಯಜಮಾನರ ಸೋದರಮಾವ ಎದ್ದು ನಿಂತರು.

"ಅಕ್ಕಾರ, ಶರೀಫಜ್ಜಂದು ಒಂದ್ ಆಗ್ಲಿ ನೋಡ್ರಿ. 'ಸೋರುತಿಹುದು ಮನೆಯ ಮಾಳಿಗಿ' ಹಾಡ್ರಿ."

ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ನಮ್ಮ ಕಾಕಾನ ಕೈ ನಿಂತಿತು. ಮನೆಯಾಕೆ ತಲೆ ಎತ್ತಿ ಸ್ಲ್ಯಾಬ್ ನೋಡಿದರು.

ಆ ಪದದ ಮನೆ ಈ ದೇಹ, ಅದು ಸೋರುವುದು ಅಜ್ಞಾನದಿಂದ ಅಂತ ಕೂತವರಿಗೆಲ್ಲ ಗೊತ್ತು. ಶಿಶುನಾಳ ಇರುವುದು ನಮ್ಮ ಪಕ್ಕದ ಶಿಗ್ಗಾವಿ ತಾಲೂಕಿನಲ್ಲಿ, ಶರೀಫರ ಪದಗಳನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ಹಾಲು ಉಕ್ಕಿಸಿ ಇನ್ನೂ ಮೂರು ತಾಸು ಆಗಿರಲಿಲ್ಲ. "ಕಾಕಾರ, ಅದನ್ನ ಮಳಿಗಾಲ ಮುಗದ ಮ್ಯಾಲ ಬಂದು ಹಾಡ್ತೀವಿ ತೊಗೊರ್ರಿ" ಅಂದೆ. ಎಲ್ಲರೂ ನಕ್ಕರು. ಮನೆಯಾಕೆ ಎಲ್ಲರಿಗಿಂತ ಜೋರಾಗಿ ನಕ್ಕರು. ನಾವು ಶರೀಫರದೇ ಬೇರೊಂದು ಪದ ಎತ್ತಿಕೊಂಡೆವು.

ಅದೇ ವಾರ ನವಲಗುಂದದ ಕಡೆ ಒಂದು ಸಾವಿನ ಮನೆಯಲ್ಲಿ ಅದೇ ಪದ ಹಾಡಿದೆವು. ಅಲ್ಲಿ ಯಾರೂ ನಗಲಿಲ್ಲ. ಹನ್ನೊಂದು ವರ್ಷದಿಂದ ಮೇಳ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಯಾವ ಮನೆಯಲ್ಲಿ ಯಾವ ಪದ, ಯಾವ ಹೊತ್ತಿಗೆ, ಎಷ್ಟು ದನಿಯಲ್ಲಿ ಅನ್ನುವುದನ್ನು ಕಲಿಯುವುದಕ್ಕೇ ಅದರಲ್ಲಿ ಅರ್ಧ ಹೋಗಿದೆ.

ನಮ್ಮದು ಧಾರವಾಡದ ಒಂದು ಓಣಿಯ ಭಜನೆ. ಪ್ರತಿ ಸೋಮವಾರ ಗುಡಿಯಲ್ಲಿ ಕೂಡುತ್ತಿದ್ದವರು ಮೊದಲು ಪಕ್ಕದ ಓಣಿಗೆ ಹೋದೆವು, ಆಮೇಲೆ ಪಕ್ಕದ ಊರಿಗೆ. ಈಗ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ಕರೆ ಬರುತ್ತದೆ. ಆರು ಕೊರಳು: ನಾಲ್ವರು ಹೆಂಗಸರು, ಇಬ್ಬರು ಗಂಡಸರು. ನಾನು ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಡುತ್ತೇನೆ. ಒಬ್ಬಾಕೆ ಖಾನಾವಳಿ ನಡೆಸುತ್ತಾಳೆ. ಒಬ್ಬ ಬಸ್ ಕಂಡಕ್ಟರ್, ನಮ್ಮ ಎಲ್ಲ ತಾರೀಖೂ ಅವನ ಡ್ಯೂಟಿ ನೋಡಿಯೇ ಗೊತ್ತಾಗಬೇಕು. ತಬಲಾಕ್ಕೆ ಒಬ್ಬ ಕಾಲೇಜು ಹುಡುಗ. ಪೇಟಿಗೆ ನಮ್ಮ ಕಾಕಾ.

ಕಾಕಾನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳು ಇದ್ದ ಕಾಲಕ್ಕೆ. ಈಗಲೂ "ನಮ್ಮ ಅಜ್ಜಾರು" ಅಂತ ಮಾತು ತೆಗೆದರೆ ಅರ್ಧ ತಾಸು ಪೇಟಿ ಮುಟ್ಟುವುದಿಲ್ಲ. ಸಿಟ್ಟು ಬೇಗ ಬರುತ್ತದೆ, ಚಹಾ ತಣ್ಣಗಿದ್ದರೆ ಇನ್ನೂ ಬೇಗ. ಆದರೆ ಸಭೆ ಓದುವುದನ್ನು ನಾನು ಕಲಿತದ್ದು ಅವರಿಂದ. ವೇದಿಕೆ ಮೇಲೆ ಕೂತ ಎರಡು ನಿಮಿಷಕ್ಕೆ ನನ್ನ ಕಿವಿಯಲ್ಲಿ ಹೇಳುತ್ತಾರೆ: "ಪ್ಲಾಸ್ಟಿಕ್ ಕುರ್ಚಿ ಹಾಕ್ಯಾರ, ಮುಂದಿನ ಸಾಲು ಖಾಲಿ ಐತಿ, ಹೆಣ್ಮಕ್ಕಳು ಎಡಕ್ಕ ಕೂತಾರ." ಕುರ್ಚಿ ಎಳೆಯುವ ಸಪ್ಪಳ, ಬಳೆ, ಕೆಮ್ಮು, ಕೂಸಿನ ಅಳು, ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಒಂದೊಂದು ಸಲ ತಪ್ಪುತ್ತದೆ. ತಪ್ಪಿದ್ದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಮದುವೆ ಮನೆಯಲ್ಲಿ ಈ ಕಿವಿ ಬಹಳ ಕೆಲಸಕ್ಕೆ ಬರುತ್ತದೆ. ಊಟದ ಪಂಕ್ತಿ ಕೂತಿತು ಅಂದರೆ ಹಾಡು ಕೇಳುವವರು ಯಾರೂ ಇರುವುದಿಲ್ಲ. ಮೊದಮೊದಲು ನಾವು ಆಗಲೇ ಗಂಟಲು ಹರಿಯುವಂತೆ ಹಾಡುತ್ತಿದ್ದೆವು, ಜನ ನಮ್ಮ ಕಡೆ ತಿರುಗಲಿ ಅಂತ. ಯಾರೂ ತಿರುಗುತ್ತಿರಲಿಲ್ಲ. ಗೋಧಿ ಹುಗ್ಗಿಯ ಮುಂದೆ ಯಾವ ರಾಗ ನಿಲ್ಲುತ್ತದೆ? ಈಗ ಊಟ ಶುರುವಾದ ಕೂಡಲೆ ಕಾಕಾ ಪೇಟಿ ಮೆಲ್ಲಗೆ ಮಾಡುತ್ತಾರೆ. ನಾವು ಇಬ್ಬಿಬ್ಬರಾಗಿ, ಮಾತಿಗೆ ಅಡ್ಡ ಬಾರದ ಹಾಗೆ ಸುಮ್ನೆ ಸಣ್ಣ ದನಿಯಲ್ಲಿ ಹಾಡುತ್ತಿರುತ್ತೇವೆ. ಉಳಿದವರು ಸರದಿಯಂತೆ ಊಟ ಮುಗಿಸುತ್ತಾರೆ.

ಹೊಸದಾಗಿ ಮೇಳ ಕಟ್ಟುವವರು ನನ್ನನ್ನು ಜಾಸ್ತಿ ಕೇಳುವುದು ಶ್ರುತಿಯ ವಿಷಯ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಮ್ಮ ಗಂಡಸರ ಷಡ್ಜ, ಅಂದರೆ ಹಾಡಿಗೆ ಆಧಾರವಾದ 'ಸ', ಕರಿ 1: ಪೇಟಿಯ ಮೊದಲ ಕರಿ ಮನೆ. ಹೆಂಗಸರದು ಐದನೆಯದು, ಕರಿ 5. ಎಲ್ಲರೂ ಕೂಡಿ ಹಾಡಬೇಕು ಅಂದರೆ ಯಾರದೋ ಕುತ್ತಿಗೆಗೆ ಬರುತ್ತದೆ. ಮೊದಲ ವರ್ಷ ನಾವು ಎಲ್ಲ ಪದವನ್ನೂ ಕರಿ 5ರಲ್ಲೇ ಹಾಡಿದೆವು. ಹೆಂಗಸರು ಜಾಸ್ತಿ, ನಮ್ಮ ಮಾತೇ ನಡೆಯಿತು. ಮೇಲಿನ ಷಡ್ಜಕ್ಕೆ ಹೋಗುವಾಗ ಪಾಪ ಕಂಡಕ್ಟರ್ ತಮ್ಮನ ಕೊರಳಿನ ನರ ಎದ್ದು ಕಾಣುತ್ತಿತ್ತು. ಗದಗಿನಲ್ಲಿ ಒಂದು ಕಾರ್ಯಕ್ರಮದ ಮರುದಿನ ಅವನಿಗೆ ಬಸ್ಸಿನಲ್ಲಿ ಟಿಕೆಟ್ ಕೇಳುವುದಕ್ಕೂ ದನಿ ಇರಲಿಲ್ಲ. ಆಗ ಕಾಕಾ ಬೈದರು. ಶ್ರುತಿಯನ್ನು ಪದ ನೋಡಿ ಇಟ್ಟುಕೊಳ್ಳಬೇಕು, ಹಾಡುವವರ ಹಟ ನೋಡಿ ಅಲ್ಲ ಅಂತ.

ಈಗ ಹೀಗೆ ಮಾಡುತ್ತೇವೆ. ಒಂದೇ ಸಪ್ತಕದೊಳಗೆ, ಅಂದರೆ ಕೆಳಗಿನ 'ಸ'ದಿಂದ ಮೇಲಿನ 'ಸ'ದೊಳಗೆ, ಮುಗಿಯುವ ಪದಗಳಿಗೆ ಕರಿ 3. ಜನಪದದ ಬಹಳಷ್ಟು ಪದ ಇಂಥವೇ. ಗಂಡಸರಿಗೆ ಸ್ವಲ್ಪ ಮೇಲಾಗುತ್ತದೆ, ಹೆಂಗಸರಿಗೆ ಸ್ವಲ್ಪ ಕೆಳಗಾಗುತ್ತದೆ, ಆದರೆ ಎಲ್ಲರೂ ಒಟ್ಟಿಗೆ ದಾಟುತ್ತಾರೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕರಿ 3ಕ್ಕೆ ಕರಿ 1 ಪಂಚಮ, ಅಂದರೆ 'ಪ'. ಹಾಗಾಗಿ ಕರಿ 1ಕ್ಕೆ ಶ್ರುತಿ ಕೂಡಿಸಿದ ತಬಲಾವನ್ನು ಮುಟ್ಟದೆ ಕರಿ 3ರ ಪದವನ್ನೂ ಹಾಡಬಹುದು. ನಡುವೆ ಸುತ್ತಿಗೆ ಹಿಡಿದು ಟಕ್ ಟಕ್ ಅನ್ನಿಸುತ್ತ ಜನರನ್ನು ಕಾಯಿಸುವುದು ತಪ್ಪುತ್ತದೆ. ಮೇಲಕ್ಕೆ ಏರುವ ಪದ ಇದ್ದರೆ ಗಂಡಸರು ಕರಿ 1ರಲ್ಲಿ ನುಡಿ ಹೇಳುತ್ತಾರೆ, ನಾವು ಪಲ್ಲವಿಯ ಸೊಲ್ಲು ಮಾತ್ರ ಹಿಡಿಯುತ್ತೇವೆ. ಬರೀ ಹೆಂಗಸರ ಪದಗಳಿಗೆ ಕರಿ 5. ಅದಕ್ಕೆ ಇನ್ನೊಂದು ತಬಲಾ ಬೇಕು. ಹಾಗಾಗಿ ಎಲ್ಲಿಗೆ ಹೋದರೂ ಬಲಗೈಯ ತಬಲಾ ಎರಡು, ಎಡಗೈಯ ಡಗ್ಗಾ ಒಂದು. ಪಟ್ಟಿ ಮಾಡುವಾಗಲೇ ಮೊದಲರ್ಧ ಕರಿ 1 ಮತ್ತು 3, ಆಮೇಲೆ ಕರಿ 5 ಅಂತ ಕೂಡಿಸಿಬಿಡುತ್ತೇನೆ. ಯಾರೋ ನಡುವೆ ಚೀಟಿ ಕಳಿಸಿ ಫರ್ಮಾಯಿಶ್ ಮಾಡಿದರೆ ಈ ಪಟ್ಟಿ ಕೆಡುತ್ತದೆ. ಕೆಡಲಿ, ಚೀಟಿ ಬರುವುದು ಒಳ್ಳೆಯ ಲಕ್ಷಣವೇ.

ಈ ಸಾಮಾನು ಹೊತ್ತು ತಿರುಗುವುದೇ ಒಂದು ಕೆಲಸ. ಹುಬ್ಬಳ್ಳಿಗೆ ಇಬ್ಬರು ಮೂವರೇ ಹೋಗುವುದಿದ್ದರೆ ಚಿಗರಿ ಬಸ್ ಸಾಕು, ಪೇಟಿ ತೊಡೆ ಮೇಲೆ. ಗದಗ, ಹಾವೇರಿಗೆ ಒಂದು ಕ್ರೂಸರ್ ಮಾಡುತ್ತೇವೆ. ಪೇಟಿಯನ್ನು ಟಾಪ್ ಮೇಲೆ ಹಾಕಲು ಕಾಕಾ ಬಿಡುವುದಿಲ್ಲ. ಹಾಗಾಗಿ ಅದಕ್ಕೆ ಒಂದು ಸೀಟು, ನಮ್ಮಲ್ಲಿ ಇಬ್ಬರು ಒಂದು ಸೀಟಿನಲ್ಲಿ. ಮೊದಲ ವರ್ಷ ಬಿಟ್ಟರೆ ಪೇಟಿ ಒಮ್ಮೆಯೂ ಕೆಟ್ಟಿಲ್ಲ ಅನ್ನುವುದು ನಿಜ. ನಮ್ಮ ಸೊಂಟದ ಕಥೆ ಕೇಳಬೇಡಿ.

ಬ್ಯಾಡಗಿಗೆ ಫೆಬ್ರವರಿಯಲ್ಲಿ ಹೋಗಿ ಒಮ್ಮೆ ಪಾಠ ಕಲಿತೆವು. ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕಿಂತ ಹೆಚ್ಚು ಚೀಲ ಬರುವ ಕಾಲ. ಊರು ಇನ್ನೂ ಬರುವ ಮೊದಲೇ ಘಾಟು ಬಂತು. ಕಿಟಕಿ ಮುಚ್ಚಿದೆವು, ಆದರೂ ಖಾನಾವಳಿಯಾಕೆ ಬಿಟ್ಟು ಉಳಿದ ಐದೂ ಕೊರಳು ಕೆಮ್ಮತೊಡಗಿದವು. ಅವಳಿಗೆ ಒಗ್ಗರಣೆ ಹೊಗೆ ರೂಢಿ. ಸಂಜೆಯ ಮೊದಲ ಮೂರು ಪದ ಅವಳೊಬ್ಬಳೇ ಹಾಡಿದಳು. ಈಗ ಸುಗ್ಗಿ ಕಾಲಕ್ಕೆ ಆ ಕಡೆ ಕರೆ ಬಂದರೆ ಮಧ್ಯಾಹ್ನವೇ ಹೋಗಿ, ಮುಖಕ್ಕೆ ಹಸಿ ಬಟ್ಟೆ ಕಟ್ಟಿಕೊಂಡು, ಎರಡು ತಾಸು ಮಾತಾಡದೆ ಕೂರುತ್ತೇವೆ. ಬಿಸಿನೀರು, ಕಲ್ಲುಸಕ್ಕರೆ, ಜೇಷ್ಠಮಧು. ಮಿರ್ಚಿ, ಗಿರ್ಮಿಟ್ ಎಲ್ಲ ಹಾಡಿದ ಮೇಲೆ.

ಜಾತ್ರೆಗಳ ತೊಂದರೆ ಬೇರೆ. ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಾರ್ಯಕ್ರಮ ಸಂಜೆ 7ಕ್ಕೆ ಅಂತ ಹ್ಯಾಂಡ್‌ಬಿಲ್ ಹಾಕಿಸಿದ್ದರು. ಸತ್ಕಾರ ಮುಗಿಯಲಿಲ್ಲ. ಶಾಲು ಹೊದಿಸಿಕೊಂಡವರೆಲ್ಲ ಎರಡೆರಡು ಮಾತು ಆಡಿದರು. ಮೈಕ್ ನಮ್ಮ ಕೈಗೆ ಬಂದಾಗ 9.40. ಆರು ಕೊರಳಿಗೆ ಎರಡು ಮೈಕ್, ಮೈಕಿನವ ಎಕೋ ಬೇರೆ ತುಂಬ ಇಟ್ಟಿದ್ದ. ಒಂದು ಸಾಲು ಮುಗಿಸುವಷ್ಟರಲ್ಲಿ ಹಿಂದಿನ ಸಾಲು ವಾಪಸ್ ಬಂದು ಹೆಗಲೇರುತ್ತಿತ್ತು. ಎರಡು ಪದ ಆಯಿತು. 10 ಗಂಟೆಗೆ ಸರಿಯಾಗಿ ಪೊಲೀಸರು ಬಂದು ಮೈಕ್ ಬಂದ್ ಮಾಡಿಸಿದರು. ತಪ್ಪು ಅವರದ್ದೇನಲ್ಲ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಕಮಿಟಿಯವರು ಮುಂಚೆ ಪರವಾನಗಿ ತೆಗೆದುಕೊಂಡಿರಲಿಲ್ಲ.

ಕಾಕಾ ಅಂದರು, "ಛಲೋ ಆತು. ಜನರನ್ನ ಹತ್ರ ಕರೀರಿ."

ಕುರ್ಚಿ ಬಿಟ್ಟು ಜನ ನೆಲದ ಮೇಲೆ, ನಮ್ಮ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಬಂದು ಕೂತರು. ನಾವು ಪಟ್ಟಿ ತೆಗೆದಿಟ್ಟೆವು. ಮೈಕ್ ಇಲ್ಲದಾಗ ಕೆಳಗಿನ ಸ್ವರ ಬಯಲಿನಲ್ಲಿ ಕರಗಿಹೋಗುತ್ತದೆ, ಮೇಲಿನದು ದೂರ ಹೋಗುತ್ತದೆ. ಹಾಗಾಗಿ ಕರಿ 5 ಹಿಡಿದು ಹೆಂಗಸರು ನುಡಿ ಎತ್ತಿದೆವು. ಗಂಡಸರು ತಾಳ ಹಿಡಿದರು. ಸೊಲ್ಲನ್ನು ಎರಡನೇ ಸಲಕ್ಕೇ ಊರವರು ಎತ್ತಿಕೊಂಡರು. ಒಂದೂವರೆ ತಾಸು ನಡೆಯಿತು. ಒಬ್ಬ ಅಜ್ಜಿ 51 ರೂಪಾಯಿ ಆಯೇರ ಮಾಡಿ, "ನನ್ನ ಹೆಸರು ಹೇಳ್ರಿ" ಅಂದರು. ಮೈಕ್ ಇಲ್ಲ ಅಂತ ನೆನಪು ಮಾಡಿದೆವು. "ಕೂಗಿ ಹೇಳ್ರಿ ಮತ್ತ" ಅಂದರು. ಎಂಟೂ ಜನ ಕೂಡಿ ಕೂಗಿದೆವು.

ಇದಕ್ಕೆ ಪೂರ್ತಿ ಉಲ್ಟಾ ರೇಡಿಯೋ. ಧಾರವಾಡ ಆಕಾಶವಾಣಿ 1950ರಿಂದ ನಡೆಯುತ್ತಿದೆ, ನಮ್ಮ ಮನೆಗಳಲ್ಲಿ ಅದರ ದನಿ ಗಡಿಯಾರ ಇದ್ದ ಹಾಗೆ. ಧ್ವನಿ ಪರೀಕ್ಷೆ ಪಾಸಾಗಿ ಮೊದಲ ರೆಕಾರ್ಡಿಂಗಿಗೆ ಹೋದಾಗ ನಾವು ನಾಲ್ವರೂ ಇಳಕಲ್ ಸೀರೆ ಉಟ್ಟು ಕೈತುಂಬ ಬಳೆ ಹಾಕಿಕೊಂಡಿದ್ದೆವು. ಯಾರು ನೋಡುತ್ತಾರೆ ಅಂತ ಯೋಚಿಸಲೇ ಇಲ್ಲ. ಪದದುದ್ದಕ್ಕೂ ಗಲ್ ಗಲ್. ಬಳೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟು ಮತ್ತೆ ಹಾಡಿದೆವು.

ದುಡ್ಡಿನ ಮಾತು ಎರಡೇ ಸಾಲು. ಮುಂಗಡ ಇಲ್ಲದೆ ಕ್ರೂಸರ್ ಹೊರಡಿಸುವುದಿಲ್ಲ. ಒಂದು ಮದುವೆಗೆ ನಮ್ಮನ್ನು ಕರೆಸಿದ ಮಧ್ಯವರ್ತಿ ಅರ್ಧ ಕೊಟ್ಟು ಫೋನ್ ಬಂದ್ ಮಾಡಿಕೊಂಡ ಮೇಲೆ ಈ ಕಾನೂನು. ಬಂದದ್ದರಲ್ಲಿ ಮೊದಲು ಗಾಡಿ, ಆಮೇಲೆ ಎಂಟು ಸಮ ಪಾಲು. ಆಯೇರದ ದುಡ್ಡು ಪೇಟಿ, ತಬಲಾ ರಿಪೇರಿಗೆ. ಸಾವಿನ ಮನೆಯಲ್ಲಿ ಡೀಸೆಲ್ ಬಿಟ್ಟು ಏನೂ ಮುಟ್ಟುವುದಿಲ್ಲ.

ಆ ನವಲಗುಂದದ ಕಡೆಯ ಮನೆಯ ಮಾತಿಗೆ ಬರುತ್ತೇನೆ. ತೀರಿಕೊಂಡವರು ಎಂಬತ್ತು ದಾಟಿದ ರೈತರು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ತಲೆಗೆ ರುಮಾಲು, ಹಣೆ ತುಂಬ ವಿಭೂತಿ. ನಸುಕಿನವರೆಗೆ ಭಜನೆ. ಇಂಥಲ್ಲಿ ಮೈಕ್ ಇಲ್ಲ, ತಬಲಾವೂ ಬೇಡ. ಏಕತಾರಿ, ದಮ್ಮಡಿ, ತಾಳ ಸಾಕು. ಶ್ರುತಿ ಕರಿ 1ಕ್ಕೂ ಕೆಳಗೆ, ಬಿಳಿ 1ರಲ್ಲಿ. ರಾತ್ರಿ ಉದ್ದ ಇರುತ್ತದೆ, ಕೊರಳು ಉಳಿಸಿಕೊಳ್ಳಬೇಕು.

ನಾವು ವೈರಾಗ್ಯದ ಪದಗಳನ್ನೇ ಒಂದಾದ ಮೇಲೊಂದು ಹಾಡಿದೆವು. ಸುಮಾರು 3 ಗಂಟೆಗೆ ಆ ಮನೆಯ ಅಮ್ಮ ನನ್ನ ಹತ್ತಿರ ಬಂದು ಕೂತರು. ಅತ್ತು ಅತ್ತು ದನಿ ಹೋಗಿತ್ತು.

"ಯವ್ವಾ, ಇವೆಲ್ಲ ಛಲೋ ಅದಾವು. ಆದರ ಅವರಿಗೆ ಹಂತಿ ಪದ ಬಾಳ ಸೇರತಿತ್ತು. ಬರತಾವೇನ ನಿಮಗ?"

ಬರುತ್ತಿರಲಿಲ್ಲ. ರಾಶಿ ಮಾಡುವಾಗ ಕಣದಲ್ಲಿ ಮೇಟಿ ಕಂಬದ ಸುತ್ತ ಎತ್ತು ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಪದಗಳವು. ಮಷಿನ್ ಬಂದ ಮೇಲೆ ಕಣವೂ ಹೋಯಿತು, ಎತ್ತೂ ಹೋದವು. ಸಂಗೀತದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು ನಾನು, ಒಂದು ಹಂತಿ ಪದ ಗೊತ್ತಿಲ್ಲ ಅಂತ ಹೇಳುವುದಕ್ಕೆ ನಾಚಿಕೆಯಾಯಿತು. ಕಾಕಾ ಬಾಗಿಲ ಕಡೆ ಮುಖ ಮಾಡಿ, "ಅಲ್ಲಿ ಕೂತವರಾಗ ಯಾರಿಗರ ಬರತಾವೇನ್ರಿ?" ಅಂದರು. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರು ಕೆಮ್ಮಿ ಶುರು ಮಾಡಿದರು. ತಾಳ ಇಲ್ಲ, ನಮ್ಮ ಏಕತಾರಿಯ ಶ್ರುತಿಯೂ ಇಲ್ಲ. ಎತ್ತಿನ ಹೆಜ್ಜೆಯ ನಡಿಗೆ. ಇನ್ನೊಬ್ಬರು ಸೊಲ್ಲು ತಿರುಗಿಸಿದರು. ಕಾಕಾ ಏಕತಾರಿ ಮಗುಚಿ ಇಡಿಸಿದರು. ನಾವು ಆರೂ ಜನ ಸೊಲ್ಲು ಹಿಡಿದೆವು, ಅಷ್ಟೇ. ಬೆಳಕು ಹರಿಯುವತನಕ ಮೇಳ ಅವರದು, ಹಿಮ್ಮೇಳ ನಮ್ಮದು. ಆ ಅಮ್ಮ ಗಂಡನ ಪಕ್ಕ ಹೋಗಿ ಕೂತು ತುಟಿ ಅಲ್ಲಾಡಿಸುತ್ತಿದ್ದರು.

ಮುಂದಿನ ತಿಂಗಳು ಕಂಡಕ್ಟರ್ ತಮ್ಮ ರಜೆ ಹಾಕಿ ಆ ಮುದುಕರ ಹತ್ತಿರ ಹೋಗಿ ಮೂರು ಪದ ಬರೆದುಕೊಂಡು ಬಂದ. ಇನ್ನೂ ಸಭೆಯಲ್ಲಿ ಹಾಡಿಲ್ಲ. ನಡಿಗೆ ಸಿಕ್ಕಿಲ್ಲ, ಬಸ್ಸಿನ ನಡಿಗೆ ಬರುತ್ತಿದೆ ಅಂತ ಕಾಕಾ ಬಯ್ಯುತ್ತಾರೆ.

ಹೋದ ವಾರ ಆ ಹುಬ್ಬಳ್ಳಿಯ ಮನೆಯಾಕೆ ಫೋನ್ ಮಾಡಿದ್ದರು. "ಅಕ್ಕಾರ, ಮಳಿಗಾಲ ಮುಗೀತ್ರಿ. ಅಡಗಿ ಮನಿ ಮೂಲ್ಯಾಗ ಸ್ವಲ್ಪ ಸೋರತೈತಿ. ಕಾರ್ತಿಕದ ದೀಪ ಹಚ್ಚೂ ದಿನ ಬಂದು ಆ ಪದ ಹಾಡಿಬಿಡ್ರಿ, ನಮ್ಮ ಮಾವಾರು ಬಿಡವಲ್ಲರು." ತಾರೀಖು ಬರೆದುಕೊಂಡಿದ್ದೇನೆ. ಕರಿ 1, ಎರಡನೇ ತಬಲಾ ಬೇಕಾಗಿಲ್ಲ. ಕಂಡಕ್ಟರ್ ತಮ್ಮನಿಗೆ ಅಂದು ಡ್ಯೂಟಿ ಇದೆಯಂತೆ, ಬದಲಿ ಹುಡುಕುತ್ತಿದ್ದಾನೆ.