ಹಗುರ ಸ್ಕೀ ಬೂಟನ್ನು ನನ್ನ ಕಾಲಿಗೆ ಹೊಂದಿಸಿಕೊಂಡ ಅನುಭವ

ನನ್ನ ಪಾದ ಮುಂದೆ ಅಗಲ, ಹಿಂದೆ ಸಣ್ಣ. ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲ್ ಮುಗಿಯುವವರೆಗೂ ಬರಿಗಾಲಲ್ಲಿ, ಇಲ್ಲವೇ ಹವಾಯಿ ಚಪ್ಪಲಿಯಲ್ಲಿ ಓಡಾಡಿದವನು ನಾನು. ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿವೆ. ಹೊಲದ ಬದುವಿನ ಮೇಲೆ ನಡೆಯಲು ಇಂಥ ಕಾಲೇ ಬೇಕು. ಆದರೆ ಸ್ಕೀ ಬೂಟು ಅನ್ನೋದು ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಚರ್ಮದ ಶೂ ಥರ ನಾಲ್ಕು ದಿನ ಹಾಕಿದರೆ ಸಡಿಲ ಆಗುತ್ತದೆ ಅನ್ನುವ ಹಾಗೇ ಇಲ್ಲ.

ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿತ ಮೇಲೆ ಹೆಚ್ಚುಕಡಿಮೆ ಪ್ರತಿ ಫೆಬ್ರವರಿ ಅಲ್ಲಿಗೆ ಹೋಗುತ್ತೇನೆ. ಅಲ್ಲಿನ ಗೊಂಡೋಲಾ, ಅಂದರೆ ಕೇಬಲ್ ಕಾರ್, ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರದವರೆಗೆ ಕರೆದುಕೊಂಡು ಹೋಗುತ್ತದೆ. ನನಗೆ ಇಷ್ಟ ಇರುವುದು ಅದರಿಂದ ಇಳಿದ ಮೇಲಿನ ಕೆಲಸ. ಸ್ಕೀ ಅಡಿಗೆ ಸ್ಕಿನ್, ಅಂದರೆ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ, ಅಂಟಿಸಿ, ಸ್ಕೀಯಿಂದ ಹಿಮ್ಮಡಿ ಬಿಡಿಸಿಕೊಂಡು, ದಾರಿಯೇ ಇಲ್ಲದ ಹಿಮದಲ್ಲಿ ಹೆಜ್ಜೆ ಎಳೆದುಕೊಂಡು ಹತ್ತುವುದು. ಮೇಲೆ ಹೋಗಿ ಸ್ಕಿನ್ ಕಿತ್ತು, ಹಿಮ್ಮಡಿ ಲಾಕ್ ಮಾಡಿ, ಇಳಿಯುವುದು. ಒಂದೇ ಬೂಟು ಹತ್ತುವಾಗ ವಾಕಿಂಗ್ ಶೂ ಆಗಬೇಕು, ಇಳಿಯುವಾಗ ಕಬ್ಬಿಣದ ಹಾಗೆ ಗಟ್ಟಿ ನಿಲ್ಲಬೇಕು.

ನನ್ನ ಮೊದಲ ಬೂಟು ಸೆಕೆಂಡ್ ಹ್ಯಾಂಡ್. ಮಾರಿದವರು ನನ್ನ ಶೂ ನಂಬರ್ ಕೇಳಿ, ಕಾಲು ಅಗಲ ಅಂತ ನೋಡಿ, ಒಂದು ಸೈಜ್ ದೊಡ್ಡದೇ ಇರಲಿ ಅಂದರು. ಹಾಕಿದಾಗ ಹಾಯಾಗಿತ್ತು. ಅಲ್ಲೇ ಎಡವಟ್ಟಾಗಿದ್ದು. ಸ್ಕೀ ಬೂಟು ಅಂಗಡಿಯಲ್ಲೇ ಹಾಯಾಗಿದ್ದರೆ ಬೆಟ್ಟದಲ್ಲಿ ಸಡಿಲ ಅಂತಲೇ ಲೆಕ್ಕ, ಯಾಕೆಂದರೆ ಚಿಪ್ಪಿನ ಒಳಗಿರುವ ಮೆತ್ತನೆ ಬೂಟು, ಅಂದರೆ ಲೈನರ್‌ನ ಫೋಮ್ ಕೆಲವೇ ದಿನದಲ್ಲಿ ಅಮುಕಿಕೊಂಡು ತೆಳ್ಳಗಾಗುತ್ತದೆ. ಎರಡನೇ ದಿನಕ್ಕೆ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಎದ್ದು ಉಜ್ಜಲು ಶುರುವಾಯಿತು. ಸಡಿಲ ಆಗದಿರಲಿ ಅಂತ ಬಕಲ್ ಎಳೆದು ಬಿಗಿದೆ, ಅದಕ್ಕೆ ಪಾದ ಜೋಮು ಹಿಡಿಯಿತು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು. ಊರಿಗೆ ಬಂದು ಮನೆಯ ತಕ್ಕಡಿಯಲ್ಲಿ ತೂಗಿದರೆ ಒಂದೊಂದು ಬೂಟು 1,780 ಗ್ರಾಂ.

ಬೆಟ್ಟ ಹತ್ತುವವರಲ್ಲಿ ಒಂದು ಮಾತಿದೆ, ಕಾಲಲ್ಲಿ ಒಂದು ಕಿಲೋ ಬೆನ್ನಲ್ಲಿ ಐದು ಕಿಲೋ ಅಂತ. ನಾನು ನನ್ನದೇ ಲೆಕ್ಕ ಹಾಕಿದೆ. ಒಂದು ಹತ್ತುವಿಕೆಗೆ 4,000 ಹೆಜ್ಜೆ ಅಂದುಕೊಳ್ಳಿ. ಬೂಟು ಅರ್ಧ ಕಿಲೋ ಕಮ್ಮಿ ಆದರೆ ಅಷ್ಟರಲ್ಲಿ ಎರಡು ಟನ್ ಎತ್ತುವುದು ತಪ್ಪುತ್ತದೆ. ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಮಾಡುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಲಿಗೆ ತಲಾ ಅರ್ಧ ಕಿಲೋ ಮರಳಿನ ಪಟ್ಟಿ ಕಟ್ಟಿಕೊಂಡು ಒಂದು ಬೆಳಿಗ್ಗೆ ಹತ್ತಿ ನೋಡಿ, ಮೊಣಕಾಲೇ ಉತ್ತರ ಹೇಳುತ್ತದೆ.

ಹಾಗಂತ ಎಲ್ಲಕ್ಕಿಂತ ಹಗುರವಾದದ್ದನ್ನೇ ತಂದುಬಿಡುವುದೂ ಸರಿಯಲ್ಲ. ರೇಸ್‌ಗೆ ಅಂತ ಮಾಡುವ ಬೂಟು ಒಂದು ಕಿಲೋಗಿಂತ ಕಮ್ಮಿ ಇರುತ್ತವೆ. ಅವುಗಳಲ್ಲಿ ಲೈನರ್ ತೆಳ್ಳಗೆ, ಚಳಿಗೆ ಬೆರಳು ಮರಗಟ್ಟುತ್ತದೆ. ಇಳಿಯುವಾಗ ಆಸರೆಯೂ ಸಾಲದು. ಗುಲ್ಮಾರ್ಗ್‌ನಲ್ಲಿ ಹಿಮ ಮೊಣಕಾಲುದ್ದ ಬೀಳುತ್ತದೆ, ಅದಕ್ಕೆ ಅಗಲವಾದ ಸ್ಕೀ ಬೇಕು, ಅಗಲವಾದ ಸ್ಕೀಯನ್ನು ತಿರುಗಿಸಲು ಬೂಟಿನಲ್ಲಿ ಕಸುವು ಬೇಕು. ನನ್ನ ಸ್ಕೀ ನಡುವಿನಲ್ಲಿ 95 ಮಿಲಿಮೀಟರ್ ಅಗಲ. ಅದಕ್ಕೆ 1,200 ಗ್ರಾಂ ಆಸುಪಾಸಿನ ಬೂಟು ಸರಿ ಅನ್ನೋದು ನನ್ನ ತೀರ್ಮಾನ. ಸ್ಕಾರ್ಪಾ ಕಂಪನಿಯ ಎಫ್1 ಥರದ್ದು ಆ ಗುಂಪಿಗೆ ಸೇರುತ್ತದೆ.

ಎರಡನೇ ಸಲ ಶೆಲ್, ಅಂದರೆ ಹೊರಗಿನ ಚಿಪ್ಪು, ನೋಡಿ ಆರಿಸಿದೆ. ಸ್ಕೀ ಬೂಟಿನ ಸೈಜ್ ಅಂದರೆ ಪಾದದ ಉದ್ದ, ಸೆಂಟಿಮೀಟರ್ ಲೆಕ್ಕದಲ್ಲಿ. ಗೋಡೆಗೆ ಹಿಮ್ಮಡಿ ಆನಿಸಿ, ಹಾಳೆಯ ಮೇಲೆ ನಿಂತು ಅಳೆದರೆ ನನ್ನದು 26.3. ಸಂಜೆ ಹೊತ್ತು ಅಳೆಯಿರಿ, ದಿನವೆಲ್ಲ ನಿಂತು ನಡೆದು ಕಾಲು ಸ್ವಲ್ಪ ಊದಿರುತ್ತದೆ. ಇನ್ನೊಂದು ವಿಷಯ, ಹೊರಗಿನ ಚಿಪ್ಪು ಅರ್ಧರ್ಧ ಸೈಜಿಗೆ ಬೇರೆ ಇರುವುದಿಲ್ಲ. ಸಾಮಾನ್ಯವಾಗಿ ಎರಡು ಅರ್ಧ ಸೈಜಿಗೆ ಒಂದೇ ಚಿಪ್ಪು, ಬದಲಾಗುವುದು ಒಳಗಿನ ಲೈನರ್ ಅಥವಾ ಅಡಿ ಹಾಸು ಮಾತ್ರ. ಹಾಗಾಗಿ ಲೈನರ್ ಹೊರಗೆ ತೆಗೆದು, ಬರೀ ಚಿಪ್ಪಿನೊಳಗೆ ಕಾಲಿಡಬೇಕು. ಬೆರಳು ಮುಂದೆ ತಾಗುವ ಹಾಗೆ ನಿಂತು, ಹಿಮ್ಮಡಿ ಹಿಂದೆ ಎಷ್ಟು ಸಂದು ಇದೆ ಅಂತ ನೋಡಬೇಕು. ಒಂದು ಬೆರಳಿನಿಂದ ಒಂದೂವರೆ ಬೆರಳು ಇದ್ದರೆ ಟೂರಿಂಗ್‌ಗೆ, ಅಂದರೆ ಹೀಗೆ ಹತ್ತಿ ಇಳಿಯುವ ಸ್ಕೀಗೆ, ಸರಿ. ನನ್ನ ಹಳೇ ಬೂಟಿನಲ್ಲಿ ಎರಡು ಬೆರಳು ಸಲೀಸಾಗಿ ಇಳಿಯುತ್ತಿತ್ತು! ಗುಲ್ಮಾರ್ಗ್‌ನಲ್ಲಿ ಪರಿಚಯವಾದ ಸ್ನೇಹಿತರೊಬ್ಬರ ಬೂಟಿನ ಲೈನರ್ ಬಿಚ್ಚಿಸಿ, ಅವರ ಚಿಪ್ಪಿನಲ್ಲಿ ಕಾಲಿಟ್ಟು ಖಾತ್ರಿ ಮಾಡಿಕೊಂಡು, ಅದೇ ಮಾಡೆಲ್ ಅನ್ನು ಜರ್ಮನಿಯಲ್ಲಿರುವ ಭಾವನ ಕೈಯಲ್ಲಿ ತರಿಸಿದೆ. ತೂಕ 1,240 ಗ್ರಾಂ.

ಉದ್ದ ಕೂಡಿಬಂತು. ಅಗಲ ಕೂಡಿಬರಲಿಲ್ಲ. ಕಿರುಬೆರಳ ಬುಡದ ಮೂಳೆ ಚಿಪ್ಪಿಗೆ ಒತ್ತುತ್ತಿತ್ತು, ಹತ್ತು ನಿಮಿಷ ನಿಂತರೆ ಉರಿ. ಇಲ್ಲಿ ತುಂಬಾ ಜನ ದೊಡ್ಡ ಸೈಜಿಗೆ ಹೋಗಿಬಿಡುತ್ತಾರೆ. ಹೋಗಬೇಡಿ. ಉದ್ದ ಸರಿ ಇರುವ ಚಿಪ್ಪನ್ನು ಒಂದು ಕಡೆ ಉಬ್ಬಿಸಬಹುದು, ಉದ್ದ ಜಾಸ್ತಿ ಇರುವ ಚಿಪ್ಪನ್ನು ಕುಗ್ಗಿಸಲು ಆಗುವುದೇ ಇಲ್ಲ.

ಉಬ್ಬಿಸಲು ಹೀಟ್ ಗನ್ ಬೇಕು. ನಮ್ಮೂರಲ್ಲಿ ಸ್ಕೀ ಅಂಗಡಿ ಎಲ್ಲಿಂದ ಬರಬೇಕು? ಆದರೆ ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿ ಹೀಟ್ ಗನ್ ಇದ್ದೇ ಇರುತ್ತದೆ. ಪರಿಚಯದ ಹುಡುಗನ ಹತ್ತಿರ ಹೋದೆ. ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಅಣ್ಣಾ, ಇದೇನು ಪ್ಲಾಸ್ಟಿಕ್ಕು ಅಂತ ಮೊದಲು ಹೇಳಿ, ಆಮೇಲೆ ಗನ್ ಆನ್ ಮಾಡೋಣ" ಅಂದ. ಸರಿಯಾದ ಪ್ರಶ್ನೆ. ಹಗುರ ಬೂಟುಗಳಲ್ಲಿ ಜಾಸ್ತಿ ಇರುವುದು ಗ್ರಿಲಾಮಿಡ್, ಅದು ಒಂದು ಬಗೆಯ ನೈಲಾನ್. ಇನ್ನು ಕೆಲವದರಲ್ಲಿ ಪೆಬ್ಯಾಕ್ಸ್. ಭಾರದ ಬೂಟುಗಳ ಪಾಲಿಯುರೆಥೇನ್ ಸುಲಭವಾಗಿ ಮಾತು ಕೇಳುತ್ತದೆ. ಗ್ರಿಲಾಮಿಡ್‌ಗೆ ಬಿಸಿ ಜಾಸ್ತಿ ಬೇಕು, ಆದರೆ ಮೆತ್ತಗಾಗುವುದಕ್ಕೂ ಕರಗುವುದಕ್ಕೂ ನಡುವೆ ಅಂತರ ಬಹಳ ಕಮ್ಮಿ. ಕಾರ್ಬನ್ ಸೇರಿರುವ ಭಾಗಕ್ಕಂತೂ ಬಿಸಿ ತಾಗಿಸಲೇಬಾರದು. ಹಾಗಾಗಿ ಹಳೇ ಬೂಟಿನ ಮೇಲೆ ಎರಡು ಸಂಜೆ ಕೈ ಪಳಗಿಸಿಕೊಂಡೆವು. ಒಂದು ಕಡೆ ಗನ್ ಒಂದು ಕ್ಷಣ ನಿಂತಿದ್ದಕ್ಕೆ ಪ್ಲಾಸ್ಟಿಕ್ ಮೇಲೆ ಗುಳ್ಳೆ ಎದ್ದಿತು. ಹೊಸ ಬೂಟಿನಲ್ಲಿ ಆಗಿದ್ದರೆ ಕಥೆ ಮುಗಿದೇ ಹೋಗುತ್ತಿತ್ತು.

ಎಲ್ಲಿ ಉಬ್ಬಿಸಬೇಕು ಅನ್ನೋದೇ ಇಡೀ ಕೆಲಸದ ಜೀವಾಳ. ಅಂದಾಜಿನಲ್ಲಿ ಮಾಡಿದರೆ ಅರ್ಧ ಇಂಚು ಆಚೆ ಹೋಗುತ್ತದೆ. ನಾನು ಕುಂಕುಮವನ್ನು ಒಂದು ತೊಟ್ಟು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮೂಳೆಯ ತುದಿಗೆ ಬೊಟ್ಟಿಟ್ಟುಕೊಂಡೆ. ಲೈನರ್ ಇಲ್ಲದ ಚಿಪ್ಪಿಗೆ ನಿಧಾನವಾಗಿ ಕಾಲಿಳಿಸಿ, ಹಿಮ್ಮಡಿ ಹಿಂದಕ್ಕೆ ಒತ್ತಿ, ಮೈಭಾರ ಹಾಕಿ ನಿಂತೆ. ಕಾಲು ತೆಗೆದಾಗ ಚಿಪ್ಪಿನ ಒಳಗೋಡೆಯ ಮೇಲೆ ಕೆಂಪು ಗುರುತು, ಹತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದು. ಅದರ ನೇರಕ್ಕೆ ಹೊರಗಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ.

ಬಡಗಿಯೊಬ್ಬರು ಹಲಸಿನ ಮರದ ತುಂಡನ್ನು ಅರ್ಧ ನಿಂಬೆಹಣ್ಣಿನ ಹಾಗೆ ಉಜ್ಜಿ ಕೊಟ್ಟಿದ್ದರು. ಹುಡುಗ ಗನ್ ಅನ್ನು ಒಂದು ಗೇಣು ದೂರದಲ್ಲಿ ಹಿಡಿದು ಆಡಿಸುತ್ತಾ ಹೋದ. ನಾನು ಮರದ ತುಂಡನ್ನು ಒಳಗಿಟ್ಟು, ಸಿ ಕ್ಲ್ಯಾಂಪ್ ಬಿಗಿಯುತ್ತಾ ಬಂದೆ. ಪ್ಲಾಸ್ಟಿಕ್ ಮೊದಲು ಎದುರು ನಿಲ್ಲುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಬಣ್ಣದ ಹೊಳಪು ಸ್ವಲ್ಪ ಬದಲಾಗಿ, ಕ್ಲ್ಯಾಂಪ್‌ನ ಹಿಡಿ ಕೈಗೆ ಹಗುರ ಅನ್ನಿಸುತ್ತದೆ. ಆ ಗಳಿಗೆಯಲ್ಲಿ ಗನ್ ಆಫ್. ನಮಗೆ ಬೇಕಿದ್ದದ್ದು 4 ಮಿಲಿಮೀಟರ್, ತಳ್ಳಿದ್ದು 6. ತಣ್ಣಗಾದ ಮೇಲೆ ಸ್ವಲ್ಪ ವಾಪಸ್ ಬರುತ್ತದೆ, ಅದಕ್ಕೆ. ಒದ್ದೆ ಬಟ್ಟೆ ಸುತ್ತಿ, ಕ್ಲ್ಯಾಂಪ್ ಬಿಚ್ಚದೆ ರಾತ್ರಿಯಿಡೀ ಬಿಟ್ಟೆವು.

ಬೂಟಿನ ಮೂತಿಯ ಎರಡು ಪಕ್ಕದಲ್ಲಿ ಪುಟ್ಟ ಉಕ್ಕಿನ ಗುಳಿಗಳಿವೆಯಲ್ಲ, ಅದರ ಹತ್ತಿರ ಮಾತ್ರ ಬಿಸಿ ಹೋಗಬಾರದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಎರಡು ಪಿನ್ ಕಚ್ಚಿಕೊಳ್ಳುವುದು ಅಲ್ಲೇ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್ 1980ರ ದಶಕದಲ್ಲಿ ಮಾಡಿದ ಈ ಪಿನ್ ವ್ಯವಸ್ಥೆಯಿಂದಲೇ ಇವತ್ತು ಬೈಂಡಿಂಗ್ ಇಷ್ಟು ಹಗುರ ಆಗಿರುವುದು. ಆ ಗುಳಿ ಕೂದಲೆಳೆಯಷ್ಟು ಆಚೀಚೆ ಆದರೂ ಇಳಿಯುವಾಗ ಬೂಟು ಕಳಚಿಕೊಳ್ಳಬಹುದು, ಅಥವಾ ಕಳಚಬೇಕಾದಾಗ ಕಳಚದೆ ಕಾಲು ಮುರಿಯಬಹುದು. ನಾವು ಅಷ್ಟು ಭಾಗಕ್ಕೆ ದಪ್ಪ ಒದ್ದೆ ಬಟ್ಟೆ ಕಟ್ಟಿದ್ದೆವು.

ಲೈನರ್ ಕೆಲಸ ಮನೆಯಲ್ಲೇ ಆಯಿತು. ಬಿಸಿಗೆ ಮೆತ್ತಗಾಗಿ ಕಾಲಿನ ಆಕಾರಕ್ಕೆ ಕೂರುವ ಫೋಮ್ ಅದು. ಅಂಗಡಿಗಳಲ್ಲಿ ಅದಕ್ಕೆಂದೇ ಹೀಟರ್ ಇರುತ್ತದೆ. ಮನೆಯಲ್ಲಿ ಮಾಡುವವರು ಅಕ್ಕಿ ಬಳಸುತ್ತಾರೆ. ಉದ್ದನೆಯ ಹತ್ತಿ ಕಾಲುಚೀಲಕ್ಕೆ ಸೋನಾ ಮಸೂರಿ ತುಂಬಿ, ಗಂಟು ಹಾಕಿ, ಮೈಕ್ರೋವೇವ್‌ನಲ್ಲಿ ನಡುನಡುವೆ ಕುಲುಕುತ್ತಾ ಚೆನ್ನಾಗಿ ಕಾಯಿಸಿದೆ. ಅಡುಗೆಮನೆ ತುಂಬಾ ಅಕ್ಕಿ ಹುರಿದ ವಾಸನೆ. ಅಮ್ಮ ಬಂದು ನೋಡಿ, "ಆ ಅಕ್ಕಿ ಮತ್ತೆ ಡಬ್ಬಕ್ಕೆ ಸುರೀಬೇಡ ಕಣೋ" ಅಂದು ಹೋದರು. ಬಿಸಿ ಚೀಲವನ್ನು ಲೈನರ್‌ನೊಳಗೆ ಬೆರಳಿನ ತುದಿವರೆಗೂ ತುರುಕಿ ಹತ್ತು ನಿಮಿಷ ಬಿಟ್ಟೆ. ಅಷ್ಟರಲ್ಲಿ ಕಿರುಬೆರಳ ಮೂಳೆಗೆ 5 ಮಿಲಿಮೀಟರ್ ದಪ್ಪದ ಫೋಮ್ ತುಂಡು ಟೇಪ್ ಹಾಕಿ ಅಂಟಿಸಿಕೊಂಡೆ, ಬೆರಳುಗಳ ಮೇಲೂ ಒಂದು ಟೋಪಿ ಥರ. ಮೇಲೆ ತೆಳು ಕಾಲುಚೀಲ. ಈ ತುಂಡುಗಳು ಲೈನರ್‌ನಲ್ಲಿ ತಮ್ಮ ಜಾಗ ಒತ್ತಿ ಮಾಡಿಕೊಳ್ಳುತ್ತವೆ. ಆಮೇಲೆ ತೆಗೆದರೆ ಅಷ್ಟು ಜಾಗ ಬೆರಳಿಗೆ ಸಿಗುತ್ತದೆ. ಕಾಲು ಹಾಕಿ, ಹಿಮ್ಮಡಿ ನೆಲಕ್ಕೆ ಗುದ್ದಿ ಹಿಂದಕ್ಕೆ ಕೂರಿಸಿ, ಬಕಲ್ ಸಡಿಲವಾಗಿ ಹಾಕಿ, ಅಲ್ಲಾಡದೆ ನಿಂತೆ. ಹತ್ತು ಹನ್ನೆರಡು ನಿಮಿಷ.

ಹಿಮ್ಮಡಿ ಇನ್ನೂ ಎಳ್ಳಷ್ಟು ಏಳುತ್ತಿತ್ತು. ಇದನ್ನು ಸರಿ ಮಾಡಿದವರು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರು. ಲೈನರ್ ಕೊಟ್ಟು, ಹಿಮ್ಮಡಿ ಏಳುತ್ತದೆ ಅಂದೆ. ಬೂಟು ನೋಡುವ ಮೊದಲು ನಿನ್ನ ಕಾಲು ತೋರಿಸು ಅಂದರು. ಹರಡಿನ ಕೆಳಗೆ ಎರಡು ಪಕ್ಕ ಬೆರಳು ಒತ್ತಿ ನೋಡಿ, "ಇಲ್ಲಿ ಗುಂಡಿ ಐತೆ ಕಣಪ್ಪ, ಇದನ್ನ ತುಂಬಬೇಕು, ಹಿಂದಗಡೆ ಅಲ್ಲ" ಅಂದರು. ಫೋಮ್ ಹಾಳೆಯನ್ನು ಲಾಳದ ಆಕಾರಕ್ಕೆ ಕತ್ತರಿಸಿ, ಅಂಚನ್ನು ರಂಪಿಗೆಯಿಂದ ಸವರಿ ತೆಳ್ಳಗೆ ಮಾಡಿ, ಲೈನರ್‌ನ ಹೊರಮೈಗೆ ಸಲ್ಯೂಷನ್ ಹಚ್ಚಿ ಅಂಟಿಸಿದರು. ಅಷ್ಟೇ. ಹಿಮ್ಮಡಿ ಕೂತಲ್ಲೇ ಕೂತಿತು. ವಿದೇಶದ ಬೂಟ್ ಫಿಟ್ಟರ್‌ಗಳು ಮಾಡುವುದೂ ಇದನ್ನೇ. ಈ ಹಿರಿಯರು ಸ್ಕೀ ಬೂಟನ್ನು ನೋಡಿದ್ದು ಅದೇ ಮೊದಲು, ಆದರೆ ಕಾಲನ್ನು ಐವತ್ತು ವರ್ಷದಿಂದ ನೋಡುತ್ತಿದ್ದಾರೆ.

ಕೊನೆಯಲ್ಲಿ ಮೀನಖಂಡದ ಪಟ್ಟಿ ತೆಗೆದು ತೆಳ್ಳಗಿನದು ಹಾಕಿದೆ, ಅಡಿ ಹಾಸು ಬದಲಿಸಿದೆ. 1,240 ಇದ್ದದ್ದು 1,195 ಆಯಿತು. ಬಕಲ್‌ಗೆ ತೂತು ಕೊರೆದು ತೂಕ ಇಳಿಸುವವರೂ ಇದ್ದಾರೆ. ಹತ್ತು ಗ್ರಾಂಗೆ ಬೆಟ್ಟದ ಮೇಲೆ ಬಕಲ್ ಮುರಿದುಕೊಳ್ಳುವುದು ನನಗೆ ಬೇಡ.

ಹೊರಡುವ ಮುಂಚೆ ಮೂರು ವಾರ ದಿನಾ ಸಂಜೆ ಒಂದು ಗಂಟೆ ಮನೆಯಲ್ಲಿ ಹಾಕಿಕೊಂಡು ಓಡಾಡಿದೆ, ಟೆರೇಸ್ ಮೆಟ್ಟಿಲು ಹತ್ತಿ ಇಳಿದೆ. ಫೆಬ್ರವರಿಯಲ್ಲಿ ಅಫರ್ವತ್ ಮೇಲೆ ನಾಲ್ಕು ದಿನ. ಹತ್ತುವಾಗ ಹಿಂಬದಿಯ ಲಿವರ್ ಎತ್ತಿದರೆ ಕಣಕಾಲು ಹಿಂದೆ ಮುಂದೆ ಸಲೀಸಾಗಿ ಆಡುತ್ತಿತ್ತು, ಹೆಜ್ಜೆ ಉದ್ದ ಬೀಳುತ್ತಿತ್ತು. ಸಂಜೆ ರೂಮಿಗೆ ಬಂದು ಕಾಲುಚೀಲ ತೆಗೆದು ಮೊದಲು ಕಿರುಬೆರಳ ಬುಡ ನೋಡಿದೆ. ಎಡಗಾಲಲ್ಲಿ ಏನೂ ಇಲ್ಲ. ಬಲಗಾಲಲ್ಲಿ ಮೂಳೆಗಿಂತ ಸ್ವಲ್ಪ ಮುಂದೆ ಒಂದು ಸಣ್ಣ ಕೆಂಪು ಗುರುತು. ಅಲ್ಲಿಗೆ ಇನ್ನೊಂದೆರಡು ಮಿಲಿಮೀಟರ್ ಬೇಕು. ಕುಂಕುಮ, ಮರದ ತುಂಡು ಎರಡೂ ಬೂಟಿನ ಚೀಲದಲ್ಲೇ ಇವೆ, ಬರುವ ಭಾನುವಾರ ಸ್ಟಿಕ್ಕರ್ ಅಂಗಡಿಯ ಹುಡುಗ ಬಾ ಅಂದಿದ್ದಾನೆ.