ಹಳೆಯ ಮಂಡಿನೋವಿಗೆ ತಕ್ಕ ದಿನಚರಿ

ಮೂರು ತಿಂಗಳು ಮೀರಿಯೂ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಪರಿಗಣಿಸುತ್ತಾರೆ. ವಯಸ್ಸಾದವರ ಮಂಡಿನೋವಿಗೆ ಬಹುಮಟ್ಟಿಗೆ ಕೀಲಿನ ಸವೆತವೇ ಕಾರಣ. ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ) ಮೊದಲಿನಂತಾಗದಿದ್ದರೂ, ಕೀಲಿಗೆ ಆಧಾರವಾಗಿರುವ ಸ್ನಾಯುಗಳನ್ನು ಬಲಪಡಿಸಿ, ಕೀಲಿನ ಮೇಲೆ ಬೀಳುವ ಭಾರವನ್ನು ಇಳಿಸಿದರೆ ನೋವನ್ನು ಹತೋಟಿಯಲ್ಲಿಡಬಹುದು.

ನೋವು ಕಡಿಮೆಯಿದ್ದ ದಿನ ಸಂತೆ, ದೇವಸ್ಥಾನ, ಅಟ್ಟದ ಕೆಲಸ ಎಲ್ಲವನ್ನೂ ಮುಗಿಸಿ ಮರುದಿನ ಹಾಸಿಗೆ ಹಿಡಿಯುವುದು ಹಲವರ ರೂಢಿ. ಹೀಗೆ ಮತ್ತೆ ಮತ್ತೆ ಮಲಗಿದಷ್ಟೂ ತೊಡೆಯ ಸ್ನಾಯುಗಳು ಸೊರಗಿ ನೋವು ಬಲಿಯುತ್ತದೆ. ಆದ್ದರಿಂದ ಎಷ್ಟು ನಿಮಿಷ ನಡೆದ ಮೇಲೆ ನೋವು ಹೆಚ್ಚುತ್ತದೆಂಬುದನ್ನು ಗಮನಿಸಿ, ಅದಕ್ಕಿಂತ ತುಸು ಕಡಿಮೆ ಅವಧಿಯನ್ನು ಗೊತ್ತುಮಾಡಿಕೊಂಡು, ಕಾಲು ಹಗುರವೆನಿಸಿದ ದಿನವೂ ಭಾರವೆನಿಸಿದ ದಿನವೂ ಅಷ್ಟೇ ನಡೆಯಬೇಕು. ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಬಹುದು. ಹೆಚ್ಚಿದ ನೋವು ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಅಳತೆ ಮೀರಿದೆ ಎಂದರ್ಥ.

ನಡಿಗೆಯ ಜೊತೆಗೆ ತೊಡೆಯ ಮುಂಭಾಗಕ್ಕೆ ವ್ಯಾಯಾಮ ಬೇಕು. ಅಂಗಾತ ಮಲಗಿ ಒಂದು ಕಾಲನ್ನು ಮಡಿಸಿ, ಇನ್ನೊಂದನ್ನು ನೇರವಾಗಿಯೇ ಸುಮಾರು ಒಂದಡಿ ಎತ್ತಿ, ಐದು ಎಣಿಸಿ ನಿಧಾನವಾಗಿ ಇಳಿಸಿರಿ. ಪ್ರತಿ ಕಾಲಿಗೂ ಹತ್ತು ಸಲ ಸಾಕು. ಸೊಂಟನೋವಿರುವವರು ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಮಾಡುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಮಂಡಿಗೆ ಹೆಚ್ಚು ಕಷ್ಟ ಕೊಡುವುದು ನೆಲದ ಮೇಲಿನ ಕೆಲಸ. ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುವುದು, ಕುಕ್ಕುರುಗಾಲಿನಲ್ಲಿ ನೆಲ ಒರೆಸುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಇವೆಲ್ಲವನ್ನೂ ಕುರ್ಚಿ, ಮೇಜು, ಉದ್ದ ಹಿಡಿಯ ಮಾಪಿಗೆ ಬದಲಿಸಿಕೊಳ್ಳಬೇಕು. ಹಿರಿಯರು ಈಳಿಗೆಮಣೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒತ್ತಾಯಿಸುವ ಬದಲು ಮೇಜಿನ ಮೇಲೆ ಚಾಕು, ಹಲಗೆಗಳನ್ನು ಸಿದ್ಧವಾಗಿಟ್ಟರೆ ಅಭ್ಯಾಸ ತಾನಾಗಿ ಬದಲಾದೀತು. ನೆಲಮಟ್ಟದ ಶೌಚಾಲಯವಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ದೊರೆಯುತ್ತದೆ. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲನ್ನೂ, ಇಳಿಯುವಾಗ ನೋವಿರುವ ಕಾಲನ್ನೂ ಮೊದಲು ಇಡಬೇಕು. ಊರುಗೋಲನ್ನು ಹಲವರು ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಅದು ಎದುರು ಬದಿಯ ಕೈಯಲ್ಲಿರಬೇಕು.

ತೂಕ ಹೆಚ್ಚಿರುವವರು 1 ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆ. ರಾತ್ರಿ ಅನ್ನದ ಪ್ರಮಾಣವನ್ನು ಇಳಿಸಿ, ಪಲ್ಯ, ಬೇಳೆಗಳನ್ನು ಹೆಚ್ಚಿಸುವುದರಿಂದ ಆರಂಭಿಸಬಹುದು. ನಿದ್ದೆಗೆಟ್ಟಾಗ ನೋವು ಹೆಚ್ಚು ಕಾಡುವುದರಿಂದ ಮಲಗುವ, ಏಳುವ ಹೊತ್ತನ್ನೂ ಕಾಯ್ದುಕೊಳ್ಳಬೇಕು. ಬೆಳಗಿನ ಬಿಗಿತಕ್ಕೆ ಹದವಾದ ಬಿಸಿ ಶಾಖ ಹಿತ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ, ಕೀಲು ಇದ್ದಕ್ಕಿದ್ದಂತೆ ಸಿಕ್ಕಿಕೊಂಡರೆ ಅಥವಾ ಕಾಲೂರಲು ಆಗದಿದ್ದರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.